ಮಧ್ಯಮಿದುಳಿನ ಡೋಪಮೈನ್ ಜಾಲ: ಕಾಲುವೆ ಸೀಮೆಯ ಹೋಲಿಕೆಯೊಂದಿಗೆ ಒಂದು ವಿವರಣೆ

ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿ ಭತ್ತ ಬೆಳೆಯುವ ಸಿಂಧನೂರು ಸೀಮೆಯಲ್ಲಿ ‘ಕೊನೆಭಾಗದ ರೈತ’ ಎಂಬ ಮಾತಿಗೆ ವಿಶೇಷ ಅರ್ಥವಿದೆ. ಮುಖ್ಯ ಕಾಲುವೆಯಿಂದ ವಿತರಣಾ ಕಾಲುವೆಗೆ, ಅಲ್ಲಿಂದ ಹೊಲಗಾಲುವೆಗೆ ಕವಲೊಡೆಯುತ್ತ ಸಾಗುವ ನೀರು ಕಡಿಮೆಯಾದಾಗ ಮೊದಲು ಒಣಗುವುದು ತುದಿಯ ಗದ್ದೆಯೇ. ಮಸ್ಕಿ, ಲಿಂಗಸುಗೂರುಗಳ ನೀರಾವರಿ ಪ್ರದೇಶದವರಿಗೂ ಈ ಸಂಗತಿ ಅಪರಿಚಿತವಲ್ಲ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನೊಳಗೆ ನಡೆಯುವುದೂ ಬಹುಮಟ್ಟಿಗೆ ಇಂಥದೇ.

ಮಧ್ಯಮಿದುಳಿನ ‘ಸಬ್‌ಸ್ಟಾನ್ಷಿಯಾ ನೈಗ್ರಾ’ ಎಂಬ ಕಪ್ಪುವರ್ಣದ ಭಾಗದಲ್ಲಿ ಡೋಪಮೈನ್ ನರಕೋಶಗಳಿವೆ. ಇವುಗಳ ತಂತುಗಳು ಮೇಲೇರಿ, ತಳಗ್ರಂಥಿಗಳ ಹೆಬ್ಬಾಗಿಲಾದ ಸ್ಟ್ರಯೇಟಮನ್ನು ಸೇರುತ್ತವೆ. ಪಕ್ಕದ ವೆಂಟ್ರಲ್ ಟೆಗ್ಮೆಂಟಲ್ ಪ್ರದೇಶದ ಕೋಶಗಳು ಮುಖ್ಯವಾಗಿ ಪ್ರೇರಣೆಗೆ ಸಂಬಂಧಿಸಿದ ಕೆಳಭಾಗವನ್ನು ಮುಟ್ಟುತ್ತವೆ. ಆಶ್ಚರ್ಯಕರವಾದುದು ಕವಲುಗಳ ವಿಸ್ತಾರ. 2009ರಲ್ಲಿ ಜಪಾನಿನ ಮತ್ಸುದಾ ಮತ್ತು ಸಂಗಡಿಗರು ಇಲಿಯ ಮಿದುಳಿನಲ್ಲಿ ಒಂದೊಂದೇ ಕೋಶವನ್ನು ಗುರುತಿಸಿ ಅಳೆದಾಗ, ಸ್ಟ್ರಯೇಟಮ್‌ನಲ್ಲಿ ಒಂದೇ ಕೋಶದ ಕವಲುಗಳ ಒಟ್ಟು ಉದ್ದ ಸರಾಸರಿ ಅರ್ಧ ಮೀಟರಿನಷ್ಟಿತ್ತು. ಮನುಷ್ಯರಲ್ಲಿ ಇದು ನಾಲ್ಕು ಮೀಟರನ್ನೂ ಮೀರಬಹುದೆಂಬುದು ಒಂದು ಲೆಕ್ಕಾಚಾರ. ಇಷ್ಟು ದೊಡ್ಡ ಜಾಲವನ್ನು ಸಾಕುವ ಶಕ್ತಿವೆಚ್ಚವೇ ಈ ಕೋಶಗಳನ್ನು ದುರ್ಬಲಗೊಳಿಸುತ್ತದೆ ಎಂದು ಹಲವು ವಿದ್ವಾಂಸರು ವಾದಿಸಿದ್ದಾರೆ.

ಆದರೆ ಹೋಲಿಕೆಯನ್ನು ಇಲ್ಲಿ ತುಸು ತಿದ್ದಬೇಕು. ಹರಿಯುವ ನೀರು ಡೋಪಮೈನ್ ಅಲ್ಲ. ಅದು ಮಿದುಳಿನ ತೊಗಟೆಯಿಂದ ಬರುವ ಸಂದೇಶ. ಡೋಪಮೈನ್ ತೂಬು ಎತ್ತಿ ಇಳಿಸುವ ನೀರುಗಂಟಿ. ಡಿ1 ಗ್ರಾಹಕವುಳ್ಳ ಕೋಶಗಳನ್ನು ಅದು ಹುರಿದುಂಬಿಸುತ್ತದೆ. ಚಲನೆಗೆ ದಾರಿ ತೆರೆಯುತ್ತದೆ. ಚಲನೆಯನ್ನು ತಡೆಯುವ ಡಿ2 ಗ್ರಾಹಕದ ಕೋಶಗಳನ್ನು ಅಡಗಿಸುತ್ತದೆ. ನೀರುಗಂಟಿ ಇಲ್ಲವಾದರೆ ಒಂದು ದಾರಿ ಮುಚ್ಚಿ, ಇನ್ನೊಂದು ಅಂಕೆಯಿಲ್ಲದೆ ಹರಿಯುತ್ತದೆ. ನಡಿಗೆ ನಿಧಾನವಾಗಿ, ಕೈಕಾಲು ಬಿಗಿಯುವುದು ಇದರಿಂದಲೇ. ಸ್ಟ್ರಯೇಟಮ್ ಕೂಡ ಸುಮ್ಮನಿರುವುದಿಲ್ಲ, ಮಧ್ಯಮಿದುಳಿಗೆ ಮರಳಿ ತಂತುಗಳನ್ನು ಕಳುಹಿಸುತ್ತದೆ. ಕಾಲುವೆಗೆ ಇಲ್ಲದ ಸೌಕರ್ಯವಿದು.

ಕಾಯಿಲೆಯಲ್ಲಿ ಮೊದಲು ಹೆಚ್ಚಾಗಿ ಬಡವಾಗುವುದು ಸ್ಟ್ರಯೇಟಮ್‌ನ ಒಂದು ಅಂಗವಾದ ಪುಟಮೆನ್‌ನ ಹಿಂಭಾಗ. ಮೂಲದ ಕೋಶಗಳು ಸಾಕಷ್ಟು ಉಳಿದಿರುವಾಗಲೇ ತುದಿಗಳು ಒಣಗಿರುತ್ತವೆ.

ಈ ವಿಷಯದಲ್ಲಿ ಕರ್ನಾಟಕದ ಕೊಡುಗೆ ಗಮನಾರ್ಹ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮುಥಾನೆ, ಯಶಾ ಮತ್ತು ಶಂಕರ್ ಅವರು ಆರೋಗ್ಯವಂತ ಭಾರತೀಯರ ಮಿದುಳುಗಳನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಎಣಿಕೆಯ ಪ್ರಕಾರ, ಬ್ರಿಟನ್ನಿನ ಮಿದುಳುಗಳಿಗಿಂತ ಇಲ್ಲಿ ಕಪ್ಪು ನರಕೋಶಗಳು ಸುಮಾರು ಶೇ. 40ರಷ್ಟು ಕಡಿಮೆ. ಆದರೂ ವಯಸ್ಸಾದಂತೆ ಅವು ಗಣನೀಯವಾಗಿ ನಶಿಸಿರಲಿಲ್ಲ. ಕೋಶಗಳ ಸಂಖ್ಯೆಯೊಂದನ್ನೇ ಆಧರಿಸಿ ಕಾಯಿಲೆಯನ್ನು ವಿವರಿಸುವವರಿಗೆ ಇದು ಇಂದಿಗೂ ತೊಡಕಿನ ಫಲಿತಾಂಶ.

ಚಿಕಿತ್ಸೆಯ ಮೂಲವಸ್ತುವೊಂದು ಹೊಲದ ಬೇಲಿಗಳಿಗೂ ಹೊಸದಲ್ಲ. ಮೈ ತುರಿಸುವ ನಸುಗುನ್ನಿಯ ಬೀಜದಲ್ಲಿ ಎಲ್-ಡೋಪಾ ಇರುವುದನ್ನು 1937ರಲ್ಲಿಯೇ ದಾಮೋದರನ್ ಮತ್ತು ರಾಮಸ್ವಾಮಿ ತೋರಿಸಿದ್ದರು. ಡೋಪಮೈನ್ ರಕ್ತದಿಂದ ಮಿದುಳನ್ನು ಸೇರಲಾರದು. ಎಲ್-ಡೋಪಾ ಸೇರಿ, ಅಲ್ಲಿ ಡೋಪಮೈನ್ ಆಗುತ್ತದೆ. ಆದರೆ ಬತ್ತಿದ ಕವಲುಗಳನ್ನು ಅದು ಮತ್ತೆ ಚಿಗುರಿಸುವುದಿಲ್ಲ. ಸಂಗ್ರಹಿಸಿಡುವ ತುದಿಗಳು ಕಡಿಮೆಯಾದಂತೆ ಒಂದು ಗುಳಿಗೆಯ ಪರಿಣಾಮ ಮುಂದಿನದರವರೆಗೆ ನಿಲ್ಲದು. ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುವುದರಿಂದ ವೈದ್ಯರ ಗುಳಿಗೆಯನ್ನು ಬಿಟ್ಟು ಬೇಲಿಯ ಬೀಜಕ್ಕೆ ಮೊರೆಹೋಗುವುದು ಅಪಾಯಕರ. ಗುಳಿಗೆಯನ್ನು ಹಠಾತ್ತನೆ ನಿಲ್ಲಿಸಿದರೆ ಪ್ರಾಣಕ್ಕೂ ಕುತ್ತು ಬರಬಹುದು.