ನಿಮಗಿದು ಗೊತ್ತೆ? ಕೂಸಿನ ಬೆಳವಣಿಗೆಗೂ ಅಂಗನವಾಡಿಯಲ್ಲೇ ತಪಾಸಣೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟಕ್ಕೇರಿಸಿದ ಕಾಯಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಷ್ಟರಲ್ಲಿ ಮನೆಯ ಕೂಸು ಕತ್ತು ನಿಲ್ಲಿಸಿ, ಮಗುಚಿ, ಕೂತು, ಗೋಡೆ ಹಿಡಿದು ನಿಲ್ಲುವಷ್ಟು ಬೆಳೆದಿರುತ್ತದೆ. ಈ ಹಂತಗಳು ತೀರಾ ತಡವಾದರೆ ಗುರುತಿಸಲು ಸರ್ಕಾರದ ವ್ಯವಸ್ಥೆಯೇ ಇದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆ 2 ಸಲ ಅಂಗನವಾಡಿಗೆ ಬರಬೇಕು. ಹುಟ್ಟಿನಿಂದ ಬಂದ ದೋಷ, ಕಾಯಿಲೆ, ಪೌಷ್ಟಿಕಾಂಶದ ಕೊರತೆಗಳ ಜೊತೆಗೆ ಬೆಳವಣಿಗೆಯ ವಿಳಂಬವನ್ನೂ ಈ ತಂಡ ನೋಡುತ್ತದೆ. ಮುಂದಿನ ಚಿಕಿತ್ಸೆಯೂ ಉಚಿತ.

ಮಗು ಮಾತಾಡದಿದ್ದರೆ ‘ಅವರಪ್ಪನೂ ಹಿಂಗೇ, ತಡವಾಗಿ ಮಾತು ಕಲಿತಿದ್ದು’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಕೆಲವು ಮಕ್ಕಳಿಗೆ ಕಿವಿಯೇ ಕೇಳಿಸುತ್ತಿರುವುದಿಲ್ಲ. ಹಸುಗೂಸಿಗೂ ಶ್ರವಣ ಪರೀಕ್ಷೆ ಮಾಡಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇರುವುದೇ ಇಂಥ ತೊಂದರೆಗಳಿಗಾಗಿ. ಕಾದು ನೋಡುವುದರಿಂದ ನಷ್ಟವೇ ಹೆಚ್ಚು, ಮಿದುಳು ಬಲು ವೇಗವಾಗಿ ಬೆಳೆಯುವುದು ಮೊದಲ ವರ್ಷಗಳಲ್ಲೇ.

9 ತಿಂಗಳಾದರೂ ಆಧಾರವಿಲ್ಲದೆ ಕೂರದಿದ್ದರೆ, 18 ತಿಂಗಳಾದರೂ ನಡೆಯದಿದ್ದರೆ, 2 ವರ್ಷವಾದರೂ ‘ಅಮ್ಮ ಬಾ’ ಎಂಬಂತೆ ಎರಡು ಪದ ಜೋಡಿಸದಿದ್ದರೆ ವೈದ್ಯರಿಗೆ ತೋರಿಸಿ. ಆಡುತ್ತಿದ್ದ ಮಾತು ನಿಂತುಹೋದರಂತೂ ತಡಮಾಡಲೇಬೇಡಿ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತೂಕ, ಲಸಿಕೆಯ ಜೊತೆಗೆ ಇದನ್ನೂ ಕೇಳಿ. ತಾಯಿ ಕಾರ್ಡ್ ಕೈಯಲ್ಲಿರಲಿ.