ಮದ್ದಿಗೂ ಮಿತಿಯಿರಲಿ

ಕುರಿಯ ಹಿಕ್ಕೆಯನ್ನೇ ಲಿಂಗವೆಂದು ಭಾವಿಸಿ ಪೂಜಿಸಿದ ಶರಣ ವೀರಗೊಲ್ಲಾಳನ ಚರಿತ್ರೆಯನ್ನು ಕೇಳುತ್ತ ಬೆಳೆದವರು ನಾವು. ಕುರಿ ಕಾಯುವುದು ಆತನಿಗೆ ಕಾಯಕವಾಗಿತ್ತು. ಇಂದು ಕುರಿ, ಆಡುಗಳನ್ನು ಸಾಕುತ್ತಿರುವ ಸದ್ಭಕ್ತರು ಅದೇ ಹಿಕ್ಕೆಯನ್ನು ಇನ್ನೊಂದು ಕಾರಣಕ್ಕಾಗಿಯೂ ಗಮನಿಸಬೇಕಾಗಿದೆ. ಜಂತುಹುಳುಗಳ ಮೊಟ್ಟೆಗಳು ಹುಲ್ಲುಗಾವಲನ್ನು ಸೇರುವುದು ಅದರ ಮೂಲಕವೇ.

ಈ ಹುಳುಗಳಲ್ಲಿ ಅತಿ ಘೋರವಾದುದು, ಕುರಿಯ ನಾಲ್ಕನೆಯ ಜಠರದಲ್ಲಿ ನೆಲೆಸಿ ರಕ್ತ ಹೀರುವ ಹೀಮಾಂಕಸ್. ಒಂದು ಹೆಣ್ಣುಹುಳು ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲುದು. ರಕ್ತಹೀನವಾದ ಕುರಿಯ ದವಡೆಯ ಕೆಳಗೆ ಬಾವು ಕಾಣಿಸಿಕೊಳ್ಳುತ್ತದೆ. ಅಲಕ್ಷಿಸಿದರೆ ಮರಣವೇ ಗತಿ.

1961ರಲ್ಲಿ ಥಯಾಬೆಂಡಜೋಲ್ ಎಂಬ ಔಷಧಿ ಬಂದಾಗ ಪಶುಪಾಲಕರು ನೆಮ್ಮದಿ ತಾಳಿದರು. ಆದರೆ 1964ರಲ್ಲಿಯೇ ಅದಕ್ಕೆ ಜಗ್ಗದ ಹುಳುಗಳ ವರದಿ ಬಂದಿತು. 1981ರಲ್ಲಿ ಬಂದ ಐವರ್‌ಮೆಕ್ಟಿನ್ನಿಗೂ ಆ ದಶಕ ಮುಗಿಯುವುದರೊಳಗೆ ಇದೇ ಗತಿಯಾಯಿತು. ಭಾರತದಲ್ಲಿಯೂ ಹಲವೆಡೆ ಔಷಧಿಗೆ ಮಣಿಯದ ಹುಳುಗಳು ಕಂಡುಬಂದಿವೆ.

ಇದಕ್ಕೆ ಕಾರಣವೇನು? ಸಾವಿರಾರು ಹುಳುಗಳಲ್ಲಿ ಕೆಲವು ಹುಟ್ಟಿನಿಂದಲೇ ಮದ್ದನ್ನು ತಡೆದುಕೊಳ್ಳಬಲ್ಲವು. ಇಡೀ ಹಿಂಡಿಗೆ ಪದೇ ಪದೇ ಔಷಧಿ ಕುಡಿಸಿದಾಗ ಉಳಿದವೆಲ್ಲ ಅಳಿದು, ಇವುಗಳ ಸಂತತಿಯೇ ಬೆಳೆಯುತ್ತದೆ. ಉಳಿತಾಯಕ್ಕೆಂದು ಪ್ರಮಾಣ ತಗ್ಗಿಸಿದರೆ ಅರೆಬಲದ ಹುಳುಗಳೂ ಬದುಕಿಕೊಳ್ಳುತ್ತವೆ.

ದಕ್ಷಿಣ ಆಫ್ರಿಕದ ಪಶುವೈದ್ಯರು ಇದಕ್ಕೊಂದು ಸರಳ ಉಪಾಯ ಕಂಡುಕೊಂಡರು. ಕುರಿಯ ಕೆಳರೆಪ್ಪೆಯನ್ನು ಮೆಲ್ಲನೆ ಇಳಿಸಿ, ಒಳಪೊರೆಯ ಬಣ್ಣವನ್ನು 5 ಬಣ್ಣಗಳ ಪಟ್ಟಿಯೊಡನೆ ಹೋಲಿಸುವುದು. ಪೊರೆ ಬಿಳಿಚಿಕೊಂಡವುಗಳಿಗೆ ಮಾತ್ರ ಔಷಧಿ ಕೊಡುವುದು. ಫಮಾಚಾ ಎಂಬ ಈ ಕ್ರಮ ರಕ್ತ ಹೀರುವ ಹುಳುವಿಗಷ್ಟೇ ಅನ್ವಯಿಸುತ್ತದೆ. ಔಷಧಿ ಪಡೆಯದ ಕುರಿಗಳಲ್ಲಿ ಮದ್ದಿಗೆ ಮಣಿಯುವ ಹುಳುಗಳೂ ಉಳಿದು, ಮಣಿಯದವುಗಳೊಡನೆ ಬೆರೆಯುತ್ತವೆ. ಆದ್ದರಿಂದ ಔಷಧಿಯ ಬಲ ಬಹುಕಾಲ ಉಳಿಯುತ್ತದೆ.

ನಮ್ಮ ಭಕ್ತ ಕುಟುಂಬಗಳಲ್ಲಿ ನಾವು ಅರಿಕೆ ಮಾಡುವುದಿಷ್ಟೆ. ಔಷಧಿಯನ್ನು ಅಂದಾಜಿನಿಂದ ಕುಡಿಸದೆ ತೂಕ ನೋಡಿ ಕುಡಿಸಿರಿ. ಕುರಿಯ ಪ್ರಮಾಣವನ್ನೇ ಆಡಿಗೆ ಅನ್ವಯಿಸದೆ ಪಶುವೈದ್ಯರನ್ನು ಕೇಳಿರಿ. ಔಷಧಿ ಕೊಡುವ ಮುನ್ನ ಒಮ್ಮೆ, ಕೊಟ್ಟ 10ರಿಂದ 14 ದಿನಗಳ ನಂತರ ಇನ್ನೊಮ್ಮೆ ಹಿಕ್ಕೆಯನ್ನು ಪರೀಕ್ಷೆ ಮಾಡಿಸಿರಿ. ಮೊಟ್ಟೆಗಳ ಸಂಖ್ಯೆ ಇಳಿಯದಿದ್ದರೆ ಆ ಮದ್ದು ಸೋತಿರಬಹುದೆಂದು ತಿಳಿದು ವೈದ್ಯರ ಸಲಹೆ ಪಡೆಯಿರಿ. ಸಂತೆಯಿಂದ ತಂದ ಕುರಿಯನ್ನು ಕೂಡಲೇ ಹಿಂಡಿನಲ್ಲಿ ಬಿಡಬೇಡಿರಿ. ಮಣಿಯದ ಹುಳು ಅದರೊಡನೆಯೇ ಬರಬಹುದು.

ಪ್ರಸಾದವನ್ನು ಚೆಲ್ಲಬಾರದೆಂಬುದು ನಮ್ಮ ಮನೆಗಳಲ್ಲಿ ಎಳೆಯರಿಗೂ ತಿಳಿದ ಮಾತು. ಜೀವ ಉಳಿಸುವ ಔಷಧಿಯೂ ಪ್ರಸಾದವೇ. ಬೇಕಾದಲ್ಲಿ ಪೂರ್ಣವಾಗಿ ಕೊಡೋಣ, ಬೇಡವಾದಲ್ಲಿ ಕೈ ತಡೆಯೋಣ. ಮೂಕಪ್ರಾಣಿಗಳಿಗೆ ನಾವು ಸಲ್ಲಿಸುವ ದಾಸೋಹವೂ ಅದೇ ಆಗಿದೆ.