ಟಿಪ್ಪುವಿನ ಹುಲಿ ಮತ್ತು ನಮ್ಮೂರ ಪೇಟಿ: ಗಾಳಿವಾದ್ಯಗಳನ್ನು ಉಳಿಸುವುದು ಹೇಗೆ?

ಟಿಪ್ಪು ಸುಲ್ತಾನರ ಖಡ್ಗ, ರಾಕೆಟ್, ಹುಲಿಯ ಲಾಂಛನ ಇವುಗಳ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅವರ ಅರಮನೆಯಲ್ಲಿ ಒಂದು ಪೈಪ್ ಆರ್ಗನ್ ಕೂಡ ಇತ್ತು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅದು ಇದ್ದದ್ದು ಒಂದು ಮರದ ಹುಲಿಯ ಹೊಟ್ಟೆಯೊಳಗೆ. ಮೈಸೂರು ಸಂಸ್ಥಾನದಲ್ಲಿ ತಯಾರಾದ, 200 ವರ್ಷಕ್ಕೂ ಹಳೆಯದಾದ ಆ ವಾದ್ಯ ಇಂದಿಗೂ ಉಳಿದಿದೆ. ಈಗ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ಜಗತ್ತಿನ ಎಲ್ಲ ಕಡೆಯಿಂದ ಜನ ಬಂದು ಅದನ್ನು ನೋಡುತ್ತಾರೆ. ಅದರ ಧ್ವನಿಯನ್ನು ನೇರವಾಗಿ ಕೇಳಿದವರು ಮಾತ್ರ ಬಹಳ ಕಡಿಮೆ.

ವಾದ್ಯ ಇರುವುದೇ ನುಡಿಸುವುದಕ್ಕೆ. ಆದರೆ ನುಡಿಸಿದಷ್ಟೂ ಅದು ಸವೆಯುತ್ತದೆ. ಹಾಗಾದರೆ ಹಳೆಯ ವಾದ್ಯವನ್ನು ಉಳಿಸುವುದು ಎಂದರೆ ಏನು, ಬೀಗ ಹಾಕಿ ಇಡುವುದೋ, ನುಡಿಸುತ್ತಾ ಇರುವುದೋ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲು ಆರ್ಗನ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕು.

ಗಾಳಿ, ಕೊಳವೆ, ಬೆರಳು

ಪೆನ್ನಿನ ಮುಚ್ಚಳವನ್ನು ತುಟಿಯ ಹತ್ತಿರ ಹಿಡಿದು ಅಡ್ಡಲಾಗಿ ಊದಿ ನೋಡಿ. ಸಿಳ್ಳೆಯಂಥ ಸದ್ದು ಬರುತ್ತದೆ. ಉದ್ದ ಮುಚ್ಚಳವಾದರೆ ಸದ್ದು ದಪ್ಪ, ಗಿಡ್ಡದಾದರೆ ಸಣ್ಣ. ಪೈಪ್ ಆರ್ಗನ್ನಿನ ಮೂಲ ತತ್ವ ಇಷ್ಟೇ. ಪ್ರಥಮ ಪಿಯುಸಿ ಭೌತಶಾಸ್ತ್ರದ ‘ತರಂಗಗಳು’ ಅಧ್ಯಾಯದಲ್ಲಿ ತೆರೆದ ಕೊಳವೆ, ಮುಚ್ಚಿದ ಕೊಳವೆ ಎಂದು ಓದುತ್ತೇವಲ್ಲ, ಅದೇ ಲೆಕ್ಕ ಇಲ್ಲಿಯೂ ನಡೆಯುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದಿಟ್ಟುಕೊಂಡರೆ, ಎರಡೂ ಕಡೆ ತೆರೆದ ಅರ್ಧ ಮೀಟರ್ ಕೊಳವೆ 340 ಹರ್ಟ್ಸ್ ಸ್ವರ ಕೊಡುತ್ತದೆ. ಒಂದು ಕಡೆ ಮುಚ್ಚಿದರೆ ಅದೇ ಕೊಳವೆಯ ಸ್ವರ 170 ಹರ್ಟ್ಸ್‌ಗೆ ಇಳಿಯುತ್ತದೆ. ಪರೀಕ್ಷೆಗೆ ಕಲಿತ ಸೂತ್ರ ಕಿವಿಗೆ ಕೇಳುವುದು ಹೀಗೆ.

ಆದರೆ ಒಂದು ಕೊಳವೆಯಿಂದ ಹಾಡು ಹುಟ್ಟುವುದಿಲ್ಲ. ಪ್ರತಿ ಸ್ವರಕ್ಕೂ ಬೇರೆ ಬೇರೆ ಉದ್ದದ ಕೊಳವೆ ಬೇಕು. ಅವೆಲ್ಲವುಗಳಿಗೆ ಒಂದೇ ಸಮನೆ ಗಾಳಿ ಸಿಗಬೇಕು. ಅದಕ್ಕೆ ಕಮ್ಮಾರನ ಕುಲುಮೆಯಲ್ಲಿರುವಂಥ ತಿದಿ ಬೇಕು. ತಿದಿಯಿಂದ ಬಂದ ಗಾಳಿ ಬಿಟ್ಟುಬಿಟ್ಟು ಬರುವುದರಿಂದ ಅದನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿಸಿ, ಮೇಲಿನಿಂದ ಭಾರ ಹೇರಿ ಒತ್ತಡವನ್ನು ಸಮ ಮಾಡುತ್ತಾರೆ. ನುಡಿಸುವವರು ಒಂದು ಪಟ್ಟಿಯನ್ನು ಒತ್ತಿದಾಗ ಆ ಕೊಳವೆಯ ಕೆಳಗಿನ ಸಣ್ಣ ಬಾಗಿಲು ತೆರೆದು ಗಾಳಿ ಒಳಹೋಗುತ್ತದೆ. ಬೆರಳು ತೆಗೆದರೆ ಬಾಗಿಲು ಮುಚ್ಚುತ್ತದೆ, ಸ್ವರ ನಿಲ್ಲುತ್ತದೆ.

ಈ ಯೋಚನೆ ಬಹಳ ಹಳೆಯದು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸ್ ಎಂಬ ತಂತ್ರಜ್ಞ ನೀರಿನ ಭಾರದಿಂದ ಗಾಳಿಯ ಒತ್ತಡವನ್ನು ಸಮವಾಗಿಡುವ ಆರ್ಗನ್ ರೂಪಿಸಿದ. 9ನೇ ಶತಮಾನದಲ್ಲಿ ಬಾಗ್ದಾದಿನ ಬನೂ ಮೂಸಾ ಸಹೋದರರು, ಅಂದರೆ ಮುಹಮ್ಮದ್, ಅಹ್ಮದ್ ಮತ್ತು ಹಸನ್, ತಾನೇ ತಾನಾಗಿ ನುಡಿಯುವ ಗಾಳಿವಾದ್ಯದ ರಚನೆಯನ್ನು ವಿವರಿಸಿ ಬರೆದರು. ನಂತರ ಯುರೋಪಿನ ಚರ್ಚುಗಳಲ್ಲಿ ಆರ್ಗನ್ ದೊಡ್ಡದಾಗಿ ಬೆಳೆಯಿತು. ನಮ್ಮ ರಾಜ್ಯದಲ್ಲೂ ಬೆಂಗಳೂರಿನ ಸೇಂಟ್ ಆಂಡ್ರೂಸ್ ಚರ್ಚಿಗೆ 19ನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಒಂದು ಪೈಪ್ ಆರ್ಗನ್ ಬಂತು. ಅದಕ್ಕೂ ಎಷ್ಟೋ ವರ್ಷ ಮೊದಲೇ ಮೈಸೂರಿನಲ್ಲಿ ಹುಲಿ ನುಡಿಯುತ್ತಿತ್ತು.

ಹುಲಿಯ ಹೊಟ್ಟೆಯಲ್ಲಿ ಏನಿದೆ?

ಟಿಪ್ಪುವಿನ ಹುಲಿ 1790ರ ಆಸುಪಾಸಿನದು. ಸುಮಾರು 1.78 ಮೀಟರ್ ಉದ್ದ, 71 ಸೆಂಟಿಮೀಟರ್ ಎತ್ತರ. ಬಣ್ಣ ಬಳಿದ ಮರದ ಹುಲಿಯೊಂದು ನೆಲಕ್ಕೆ ಬಿದ್ದ ಯುರೋಪಿಯನ್ನನ ಮೇಲೆ ಎರಗಿ ಕುತ್ತಿಗೆಗೆ ಬಾಯಿ ಹಾಕಿದೆ. ಹೊರಗಿನಿಂದ ನೋಡಿದರೆ ಇದೊಂದು ಮೂರ್ತಿ. ಪಕ್ಕದ ಹಿಡಿಕೆ ತಿರುಗಿಸಿದರೆ ಒಂದು ನಾಟಕವೇ ಶುರುವಾಗುತ್ತದೆ.

ಹಿಡಿಕೆ ತಿರುಗಿದಂತೆ ಒಳಗಿನ ತಿದಿಗಳು ಗಾಳಿ ತುಂಬಿಕೊಳ್ಳುತ್ತವೆ. ಒಂದು ತಿದಿಯ ಗಾಳಿ ಬಿದ್ದವನ ಗಂಟಲಿನ ಕೊಳವೆಗೆ ಹೋಗಿ ನರಳುವ ಸದ್ದು ಬರುತ್ತದೆ. ಅದರ ಜೊತೆಗೆ ಅವನ ಕೈ ಮೇಲೆ ಕೆಳಗೆ ಆಡುತ್ತದೆ. ಹುಲಿಯ ತಲೆಯೊಳಗಿನ ಇನ್ನೊಂದು ಏರ್ಪಾಟಿನಿಂದ ಗುರುಗುಟ್ಟುವ ಸದ್ದು ಬರುತ್ತದೆ. ಹುಲಿಯ ಪಕ್ಕೆಯಲ್ಲಿ ಒಂದು ಬಾಗಿಲಿದೆ. ಅದನ್ನು ತೆರೆದರೆ ದಂತದ 18 ಗುಂಡಿಗಳ ಸಾಲು ಕಾಣುತ್ತದೆ. ಅವುಗಳನ್ನು ಒತ್ತಿದರೆ ಲೋಹದ ಕೊಳವೆಗಳಿಂದ ಸ್ವರ ಬರುತ್ತದೆ. ಇದು ಆಟಿಕೆಯ ಸದ್ದಲ್ಲ, ನಿಜವಾದ ಪೈಪ್ ಆರ್ಗನ್. ಇದರ ತಯಾರಿಕೆಯಲ್ಲಿ ಫ್ರೆಂಚ್ ಕುಶಲಕರ್ಮಿಗಳ ಕೈಯೂ ಇದ್ದಿರಬಹುದು ಎಂದು ವಿದ್ವಾಂಸರು ಊಹಿಸುತ್ತಾರೆ. ಹುಲಿಯನ್ನು ಕೆತ್ತಿದ ರೀತಿ ಮಾತ್ರ ಮೈಸೂರಿನದೇ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಸುಲ್ತಾನರು ಹುತಾತ್ಮರಾದರು. ಅರಮನೆಯ ವಸ್ತುಗಳ ಜೊತೆ ಹುಲಿಯೂ ಬ್ರಿಟಿಷರ ಪಾಲಾಯಿತು. 1808ರಿಂದ ಅದನ್ನು ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಪ್ರದರ್ಶನಕ್ಕೆ ಇಟ್ಟರು. ಅಲ್ಲಿ ಯಾರು ಬೇಕಾದರೂ ಹಿಡಿಕೆ ತಿರುಗಿಸಬಹುದಿತ್ತು. ಪಕ್ಕದಲ್ಲೇ ಗ್ರಂಥಾಲಯ. ದಿನವಿಡೀ ಹುಲಿಯ ಗುರುಗುಟ್ಟುವಿಕೆ, ಮನುಷ್ಯನ ಚೀರಾಟ! ಓದುವವರಿಗೆ ಅದು ಎಷ್ಟು ಕಿರಿಕಿರಿಯಾಗಿತ್ತೆಂದರೆ, ಮುಂದೆ ಹಿಡಿಕೆ ಕಳೆದುಹೋದದ್ದೇ ಒಳ್ಳೆಯದಾಯಿತು ಎಂದು 1869ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಸಂತೋಷಪಟ್ಟು ಬರೆಯಿತು.

1880ರ ಸುಮಾರಿಗೆ ಹುಲಿ ಈಗಿರುವ ಮ್ಯೂಸಿಯಂಗೆ ಸೇರಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಬಾಂಬಿನಿಂದ ಛಾವಣಿ ಕುಸಿದು ಹುಲಿ ನೂರಾರು ಚೂರಾಯಿತು. ಆ ಚೂರುಗಳನ್ನೆಲ್ಲ ಜೋಡಿಸಿ 1947ರಲ್ಲಿ ಮತ್ತೆ ಪ್ರದರ್ಶನಕ್ಕೆ ಇಟ್ಟರು. ಅಂದರೆ ಇಂದು ನಾವು ಕಾಣುವ ಹುಲಿ ಹಲವು ಕೈಗಳ ರಿಪೇರಿ ದಾಟಿ ಬಂದದ್ದು. 19ನೇ ಶತಮಾನದ ರಿಪೇರಿಗಳಲ್ಲೇ ಒಳಗಿನ ಯಂತ್ರಭಾಗಗಳು ಸಾಕಷ್ಟು ಬದಲಾದವು. ರಿಪೇರಿ ಮಾಡಿದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಹಳೆಯ ಭಾಗವನ್ನು ತೆಗೆದು ಹೊಸದನ್ನು ಹಾಕಿದಾಗ, ಮೊದಲು ಅದು ಹೇಗಿತ್ತು ಎಂಬ ಸಾಕ್ಷ್ಯವೂ ಅದರ ಜೊತೆಗೇ ಹೋಗಿಬಿಡುತ್ತದೆ.

ಚಿತ್ರಮಂದಿರಗಳ ಆರ್ಗನ್

ಸದ್ದಿನಿಂದ ನಾಟಕ ತೋರಿಸುವ ಹುಲಿಯ ಈ ಕೆಲಸವನ್ನು 20ನೇ ಶತಮಾನದ ಆರಂಭದಲ್ಲಿ ಅಮೆರಿಕ, ಇಂಗ್ಲೆಂಡಿನ ಚಿತ್ರಮಂದಿರಗಳು ಬಹಳ ದೊಡ್ಡ ಮಟ್ಟದಲ್ಲಿ ಮಾಡಿದವು. ಆಗ ಸಿನಿಮಾಕ್ಕೆ ಮಾತಿರಲಿಲ್ಲ. ತೆರೆಯ ಮೇಲೆ ಕುದುರೆ ಓಡಿದರೆ ಗೊರಸಿನ ಸದ್ದು, ಮಳೆ ಬಂದರೆ ಮಳೆಯ ಸದ್ದು, ದುಃಖಕ್ಕೆ ಹಾಡು, ಯುದ್ಧಕ್ಕೆ ನಗಾರಿ, ಎಲ್ಲವನ್ನೂ ಯಾರಾದರೂ ಎದುರಿಗೇ ಕೂತು ನುಡಿಸಬೇಕು. ದಿನವೂ ದೊಡ್ಡ ವಾದ್ಯವೃಂದಕ್ಕೆ ಸಂಬಳ ಕೊಡುವುದು ದುಬಾರಿ. ಇಂಗ್ಲೆಂಡಿನ ರಾಬರ್ಟ್ ಹೋಪ್-ಜೋನ್ಸ್ ಎಂಬ ಎಂಜಿನಿಯರ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡಿದ್ದವರು. ಅವರು ಪಟ್ಟಿಗೂ ಕೊಳವೆಗೂ ನಡುವೆ ವಿದ್ಯುತ್ ತಂತಿ ತಂದರು. ಇದರಿಂದ ನುಡಿಸುವವರು ಒಂದು ಕಡೆ, ಕೊಳವೆಗಳು ದೂರದ ಕೋಣೆಯಲ್ಲಿ ಇರಬಹುದಾಯಿತು. ಅಮೆರಿಕದ ವುರ್ಲಿಟ್ಜರ್ ಕಂಪನಿ ಇಂಥ 2,000ಕ್ಕೂ ಹೆಚ್ಚು ಆರ್ಗನ್‌ಗಳನ್ನು ತಯಾರಿಸಿತು. ಅವುಗಳಲ್ಲಿ ಕೊಳವೆಗಳ ಜೊತೆ ನಿಜವಾದ ಡೋಲು, ಗಂಟೆ, ಹಕ್ಕಿಯ ಸಿಳ್ಳೆಯೂ ಇದ್ದವು. ಒಬ್ಬರೇ ಕೂತು ಎರಡು ಕೈ, ಎರಡು ಕಾಲಿನಿಂದ ಎಲ್ಲವನ್ನೂ ನಡೆಸುತ್ತಿದ್ದರು.

1927ರಲ್ಲಿ ‘ದ ಜಾಝ್ ಸಿಂಗರ್’ ಬಂದ ಮೇಲೆ ಸಿನಿಮಾ ಮಾತಾಡತೊಡಗಿತು. ನಮ್ಮಲ್ಲಿ 1931ರಲ್ಲಿ ‘ಆಲಂ ಆರಾ’, ಕನ್ನಡದಲ್ಲಿ 1934ರಲ್ಲಿ ‘ಸತಿ ಸುಲೋಚನಾ’ ಬಂದವು. ಅಲ್ಲಿಗೆ ಚಿತ್ರಮಂದಿರದ ಆರ್ಗನ್‌ಗಳ ಕೆಲಸ ಮುಗಿಯಿತು. ಎಷ್ಟೋ ಆರ್ಗನ್‌ಗಳು ಕಟ್ಟಡಗಳ ಜೊತೆಗೇ ನೆಲಸಮವಾದವು. ಕೆಲವನ್ನು ಆಸಕ್ತರು ಬಿಚ್ಚಿ ಸಾಗಿಸಿ ಉಳಿಸಿಕೊಂಡರು. 1955ರಲ್ಲಿ ಅಮೆರಿಕದಲ್ಲಿ ಇವರದೇ ಒಂದು ಸಂಘ ಹುಟ್ಟಿತು. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಟವರ್ ಸಭಾಂಗಣದಲ್ಲಿ ವುರ್ಲಿಟ್ಜರ್ ಈಗಲೂ ನುಡಿಯುತ್ತದೆ. ಡೆನ್ವರ್ ನಗರದ ಚಿತ್ರಮಂದಿರಕ್ಕೆಂದು 1927ರಲ್ಲಿ ಮಾಡಿದ ಒಂದು ಆರ್ಗನ್ ಇಂದು ಅರಿಜೋನಾದ ಪಿಜ್ಜಾ ಹೋಟೆಲೊಂದರಲ್ಲಿ ಊಟಕ್ಕೆ ಬಂದವರ ಮುಂದೆ ನುಡಿಯುತ್ತಿದೆ!

ನುಡಿಸಬೇಕೋ, ಹಾಗೆಯೇ ಇಡಬೇಕೋ?

ಇಂಥ ಆರ್ಗನ್‌ಗಳನ್ನು ನೋಡಿಕೊಳ್ಳುವವರು ಹೇಳುವ ಮಾತು ಒಂದೇ: ನಿಲ್ಲಿಸಿದ ವಾದ್ಯ ಬೇಗ ಹಾಳಾಗುತ್ತದೆ. ಕೊಳವೆಗಳು ನೂರು ವರ್ಷವಾದರೂ ಬಾಳುತ್ತವೆ. ಮೊದಲು ಸೋಲುವುದು ತಿದಿ ಮತ್ತು ಸಣ್ಣ ಬಾಗಿಲುಗಳಿಗೆ ಹಚ್ಚಿದ ಚರ್ಮ. ಕೆಲವು ದಶಕಗಳಲ್ಲಿ ಅದು ಒಣಗಿ ಬಿರಿಯುತ್ತದೆ, ಗಾಳಿ ಸೋರುತ್ತದೆ. ವಿದ್ಯುತ್ ಜೋಡಣೆಗಳಿಗೆ ಕಿಲುಬು ಹಿಡಿಯುತ್ತದೆ, ಕೊಳವೆಯ ಬಾಯಲ್ಲಿ ಧೂಳು ಕೂರುತ್ತದೆ. ವಾರಕ್ಕೊಮ್ಮೆ ನುಡಿಸಿದರೆ ಚರ್ಮ ಬಾಗುತ್ತಾ ಮೆತ್ತಗಿರುತ್ತದೆ, ಎಲ್ಲಿ ಕೆಟ್ಟಿದೆ ಎಂಬುದು ಆಗಲೇ ಕಿವಿಗೆ ಗೊತ್ತಾಗುತ್ತದೆ. ಚರ್ಮ ಸವೆದರೆ ಅಷ್ಟೇ ದಪ್ಪದ ಹೊಸ ಚರ್ಮ ಹಚ್ಚಬಹುದು. ಧ್ವನಿ ಹುಟ್ಟುವುದು ಕೊಳವೆಯಲ್ಲಿ, ಆದ್ದರಿಂದ ವಾದ್ಯದ ಗುಣ ಕೆಡುವುದಿಲ್ಲ.

ಆದರೆ ಹುಲಿಯ ವಿಷಯ ಬೇರೆ. ವುರ್ಲಿಟ್ಜರ್ ಆರ್ಗನ್ ಸಾವಿರಾರು ಇದ್ದವು, ಟಿಪ್ಪುವಿನ ಹುಲಿ ಒಂದೇ. ಅದರ ಪ್ರತಿ ಮೊಳೆ, ಪ್ರತಿ ಚರ್ಮದ ತುಂಡು 18ನೇ ಶತಮಾನದ ಮೈಸೂರಿನ ಕುಶಲಕರ್ಮಿಗಳು ಹೇಗೆ ಯೋಚಿಸಿದರು ಎಂದು ಹೇಳುವ ದಾಖಲೆ. ಯಾರು ಬೇಕಾದರೂ ಹಿಡಿಕೆ ತಿರುಗಿಸಬಹುದಾಗಿದ್ದ ಕಾಲದಲ್ಲಿ ಅದಕ್ಕೆ ಏನಾಯಿತು ಎಂದು ಈಗಾಗಲೇ ನೋಡಿದ್ದೇವೆ. ಆದ್ದರಿಂದ ಈಗ ತರಬೇತಿ ಪಡೆದ ಸಿಬ್ಬಂದಿ ಮಾತ್ರ, ಅದೂ ಅಪರೂಪಕ್ಕೆ, ಅದನ್ನು ಚಾಲನೆ ಮಾಡುತ್ತಾರೆ. ಉಳಿದವರಿಗೆ ಧ್ವನಿಮುದ್ರಣವೇ ಗತಿ.

ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ನಿಯಮ ಸಿಗುತ್ತದೆ. ಒಂದೇ ಒಂದಿರುವ, ಮತ್ತೆ ಮಾಡಲಾಗದ ವಾದ್ಯವನ್ನು ಕಡಿಮೆ ಮುಟ್ಟಬೇಕು, ಹೆಚ್ಚು ದಾಖಲಿಸಬೇಕು. ಬಿಡಿಭಾಗ ಸಿಗುವ, ರಿಪೇರಿ ಬಲ್ಲವರು ಇನ್ನೂ ಇರುವ ವಾದ್ಯವನ್ನು ನುಡಿಸುತ್ತಲೇ ಉಳಿಸಬೇಕು. ಎರಡಕ್ಕೂ ಬೇಕಾದದ್ದು ಅದರ ಒಳಗನ್ನು ಬಲ್ಲ ಮನುಷ್ಯರು.

ನಮ್ಮ ಪೇಟಿಯ ಸಂಗತಿ

ನಮ್ಮ ಕಡೆ ಪೈಪ್ ಆರ್ಗನ್ ಇಲ್ಲ, ಆದರೆ ಅದರ ತಮ್ಮ ಪ್ರತಿ ಊರಿನಲ್ಲೂ ಇದ್ದಾನೆ. ಅದೇ ಹಾರ್ಮೋನಿಯಂ, ನಮ್ಮ ಮಾತಿನಲ್ಲಿ ಪೇಟಿ. ಇದರಲ್ಲಿ ಕೊಳವೆ ಇರುವುದಿಲ್ಲ. ಗಾಳಿ ಹೋಗುವ ದಾರಿಯಲ್ಲಿ ಹಿತ್ತಾಳೆಯ ತೆಳು ನಾಲಿಗೆ ಅದುರಿ ಸ್ವರ ಹುಟ್ಟುತ್ತದೆ. ತಿದಿ, ಗಾಳಿ ಪೆಟ್ಟಿಗೆ, ಪಟ್ಟಿ, ಬಾಗಿಲು ಎಲ್ಲ ಆರ್ಗನ್ನಿನದೇ. ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದಬೆ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದರು. 1875ರ ಸುಮಾರಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ಕೈಯಿಂದಲೇ ಗಾಳಿ ಹಾಕಿ ನುಡಿಸುವಂತೆ ಮಾಡಿದರು. ನಮ್ಮ ದೇಶದ ಮೂಕಿ ಚಿತ್ರಮಂದಿರಗಳಲ್ಲಿ ವುರ್ಲಿಟ್ಜರ್ ಮಾಡುತ್ತಿದ್ದ ಕೆಲಸವನ್ನು ಮಾಡಿದ್ದು ಇದೇ ಪೇಟಿ ಮತ್ತು ತಬಲಾ. ಕಂಪನಿ ನಾಟಕಗಳಲ್ಲಿ ಕಾಲಿನಿಂದ ಗಾಳಿ ಹಾಕುವ ಲೆಗ್ ಹಾರ್ಮೋನಿಯಂ ಮುಂದೆ ಕೂತ ಪೇಟಿ ಮಾಸ್ತರರೇ ಇಡೀ ಆಟ ನಡೆಸುತ್ತಿದ್ದರು. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಆಗಲೂ ಅದು ಸಾಯಲಿಲ್ಲ, ಏಕೆಂದರೆ ನಾಟಕ, ಭಜನೆ, ಕವ್ವಾಲಿಯವರು ನುಡಿಸುವುದನ್ನು ಬಿಡಲಿಲ್ಲ.

ಈಗ ಆ ಜಾಗಕ್ಕೆ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದಿದೆ. ಚಿಮ್ಮನಚೋಡ, ಚಿಂಚೋಳಿ, ಸೇಡಂ ಕಡೆ ಜಾತ್ರೆ, ಉರುಸುಗಳಲ್ಲಿ ನುಡಿದ ಪೇಟಿಗಳು ಅಟ್ಟ ಸೇರುತ್ತಿದ್ದರೆ ಅವನ್ನು ಇಳಿಸುವುದು ಯಾವ ಮ್ಯೂಸಿಯಂನ ಕೆಲಸವೂ ಅಲ್ಲ, ನಮ್ಮದೇ ಕೆಲಸ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಹಳೆಯ ಪೇಟಿ ಇದ್ದರೆ ಇಷ್ಟು ಮಾಡಿ:

ಇಲಿ ಮತ್ತು ತೇವದಿಂದ ದೂರವಿಡಿ. ನೆಲದ ಮೇಲೆ ಇಡದೆ ಮಣೆಯ ಮೇಲಿಟ್ಟು ಬಟ್ಟೆ ಮುಚ್ಚಿ. ಬಿಸಿಲಿಗೆ ಒಣಗಿಸಬೇಡಿ, ಮರ ಬಿರಿಯುತ್ತದೆ.

ವಾರಕ್ಕೊಮ್ಮೆಯಾದರೂ ತಿದಿ ಆಡಿಸಿ, ಎಲ್ಲ ಪಟ್ಟಿಗಳನ್ನೂ ಒತ್ತಿ ನುಡಿಸಿ. ಗಾಳಿ ಹಾಕದೆ ಜೋರಾಗಿ ಕುಟ್ಟಬೇಡಿ.

ಹಿತ್ತಾಳೆ ನಾಲಿಗೆಗೆ ಎಣ್ಣೆ ಹಚ್ಚಬೇಡಿ, ಕೆರೆಯಲೂ ಬೇಡಿ. ತುದಿಯಲ್ಲಿ ಸ್ವಲ್ಪ ಕೆರೆದರೂ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಒಮ್ಮೆ ಹೋದ ಹಿತ್ತಾಳೆ ಮತ್ತೆ ಬರುವುದಿಲ್ಲ. ಆ ಕೆಲಸ ಬಲ್ಲವರಿಗೇ ಬಿಡಿ.

ರಿಪೇರಿಗೆ ಕೊಡುವ ಮೊದಲು ಒಳಭಾಗದ ಫೋಟೊ ತೆಗೆದು, ಏನು ಬದಲಾಯಿಸಿದರು ಎಂದು ಬರೆದಿಡಿ. ಮೊಬೈಲಿನಲ್ಲಿ ಒಂದೊಂದೇ ಸ್ವರ ರೆಕಾರ್ಡ್ ಮಾಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಊರಿನ ಹಿರಿಯ ಪೇಟಿ ಮಾಸ್ತರರ ಬಳಿ ಕೂತು ಅವರು ನುಡಿಸುವುದನ್ನು ಕೇಳಿ, ಕಲಿಯಿರಿ. ಪೇಟಿ ಕೆಟ್ಟರೆ ಅಂಗಡಿಯಲ್ಲಿ ಇನ್ನೊಂದು ಸಿಗಬಹುದು. ಒಂದು ನಾಟಕದ ಮಟ್ಟನ್ನು ಬಲ್ಲ ಕೈ ಹೋದರೆ ಅದನ್ನು ಎಲ್ಲಿಂದ ತರುವುದು?

ಟಿಪ್ಪುವಿನ ಹುಲಿಯನ್ನು ಮತ್ತೆ ನಮ್ಮ ಕೈಯಿಂದ ನುಡಿಸುವ ಅವಕಾಶ ನಮಗಿಲ್ಲ. ಅಟ್ಟದ ಮೇಲಿರುವ ಪೇಟಿಯ ಬಗ್ಗೆ ಹಾಗೆ ಹೇಳುವಂತಿಲ್ಲ. ಅದನ್ನು ಇಳಿಸಿ ಧೂಳು ಒರೆಸಲು ಒಂದು ಭಾನುವಾರ ಸಾಕು.